ಊರ ಮನೆಗೆ ಯಾವ ದಲ್ಲಾಳಿ?

ಪ್ರಶ್ನೆ: ಹೊಳಲ್ಕೆರೆ ಹತ್ತಿರದ ಹಳ್ಳೀಲಿ ಅಪ್ಪ ಬಿಟ್ಟುಹೋದ ಮನೆ ಮಾರಬೇಕು. ದಾವಣಗೆರೆ ಏಜೆಂಟರು ಶೇ 2 ಕಮಿಷನ್ ಕೇಳ್ತಾರೆ, ಊರಿನ ದಲ್ಲಾಳಿ ಶೇ 1 ಸಾಕಂತಾನೆ. ಯಾರಿಗೆ ಒಪ್ಪಿಸಲಿ?

ಉತ್ತರ: ಊರಿನವನಿಗೇ ಕೊಡಿ ತಾಯಿ. ಹಳ್ಳಿ ಮನೆ ಕೊಳ್ಳೋರು ಹೆಚ್ಚಾಗಿ ಪಕ್ಕದ ಮನೆಯವರೋ ದಾಯಾದಿಗಳೋ; ಪೇಟೆಯವನಿಗೆ ಅವರ ಗುರುತೆಲ್ಲಿ? ಆದರೆ ಒಂದು ಪರೀಕ್ಷೆ ಮಾಡಿ. ಮೊದಲ ಭೇಟೀಲೇ ಇ-ಸ್ವತ್ತು (ಪಂಚಾಯಿತಿ ಕಂಪ್ಯೂಟರಿನ ಆಸ್ತಿ ದಾಖಲೆ) ಆಗಿದೆಯಾ, ಅದರ ನಮೂನೆ 9, 11ರ ಪತ್ರಗಳೆಲ್ಲಿ, ಅಕ್ಕತಂಗೇರು ಸಹಿ ಹಾಕ್ತಾರಾ ಅಂತ ಕೇಳಿದರೆ ಕೆಲಸ ಬಲ್ಲವನು. ಬರೀ ರೇಟಿನ ಮಾತಾಡಿದರೆ ಚಹಾ ಕುಡಿಸಿ ಕಳಿಸಿ. ನಾನು ಅಂಥವನಿಗೇ 5,000 ರೂಪಾಯಿ ಮುಂಗಡ ಕೊಟ್ಟು ಕೂತಿದ್ದೆ. ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು! ಕಮಿಷನ್ ಏನಿದ್ದರೂ ನೋಂದಣಿ ಮುಗಿಸಿ ಕಚೇರಿ ಮೆಟ್ಟಿಲಿಳಿದ ಮೇಲೆ.