ಕುಶಿಂಗ್ಸ್ ನಾಯಿ ಊಟ ಬಿಟ್ಟರೆ ಮೊದಲು ಕ್ಯಾಪ್ಸೂಲ್ ನಿಲ್ಲಿಸಿ

ಅಕ್ಕಾ, ಉಳಿದಿದ್ದು ಓದದಿದ್ದರೂ ಇದೊಂದು ಓದಿ: ಇವತ್ತು ಸಂಜೆಯ ಕ್ಯಾಪ್ಸೂಲ್ ಕೊಡಬೇಡಿ. ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ನೀವು ಬರೆದಿದ್ದು ಹೀಗೆ. ಹನ್ನೆರಡು ವರ್ಷದ ಪೊಮೇರಿಯನ್, ಕುಶಿಂಗ್ಸ್‌ಗೆ, ಅಂದರೆ ಮೈಯೊಳಗೆ ಕಾರ್ಟಿಸಾಲ್ ಅನ್ನುವ ಸ್ಟೀರಾಯ್ಡ್ ಜಾಸ್ತಿಯಾಗುವ ರೋಗಕ್ಕೆ, ವೆಟೊರಿಲ್ ಕ್ಯಾಪ್ಸೂಲ್ ಶುರುವಾಗಿ ಮೂರು ವಾರ. ಮೊದಲು ಕಸದ ಬುಟ್ಟಿಯನ್ನೂ ಬಿಡುತ್ತಿರಲಿಲ್ಲ, ಈಗ ಎರಡು ದಿನದಿಂದ ತಟ್ಟೆ ಮೂಸಿ ವಾಪಸ್ ಹೋಗಿ ಮಲಗುತ್ತೆ, 'ಅಂತೂ ಔಷಧಿ ಹಿಡೀತು' ಅಂತ. ಅದರ ಕೆಳಗೆ ಒಬ್ಬರು, ಬಾಯಿ ಬಿಡಿಸಿ ನಾಲಿಗೆ ಹಿಂದೆ ಇಟ್ಟುಬಿಡಿ ಅಂದಿದ್ದಾರೆ. ಇನ್ನೊಬ್ಬರು, ಇಂಥ ಔಷಧಿ ಒಮ್ಮೆಲೇ ನಿಲ್ಲಿಸಬಾರದು ಅಂದಿದ್ದಾರೆ. ಇದೇ ಎರಡು ಬುದ್ಧಿ ಸೇರಿಸಿಕೊಂಡು ನಾನು ನಮ್ಮ ನಾಯಿ ಕರಿಯನನ್ನು ಸಾಯಿಸುವುದರಲ್ಲಿದ್ದೆ. ಸಿಟ್ಟು ಬಂದಿದೆ, ನಿಮ್ಮ ಮೇಲಲ್ಲ.

ಹಸಿವು ಹತೋಟಿಗೆ ಬರುವುದು ಅಂದರೆ ತಟ್ಟೆ ಖಾಲಿ ಮಾಡಿ, ಎರಡನೇ ಸಲಕ್ಕೆ ಗೋಗರೆಯದೆ ಹೋಗಿ ಮಲಗುವುದು. ತಟ್ಟೆಯ ಮುಂದೆ ಮುಖ ತಿರುಗಿಸುವುದು ಹತೋಟಿಯಲ್ಲ. ಕುಶಿಂಗ್ಸ್ ನಾಯಿ ಊಟ ಬೇಡ ಅಂತು ಅಂದರೆ ಅದೇ ಮೊದಲ ಎಚ್ಚರಿಕೆಯ ಗಂಟೆ.

ನಮ್ಮ ಕರಿಯ ಡ್ಯಾಶ್‌ಹೌಂಡ್. ಹನ್ನೊಂದು ವರ್ಷ ಆಗಿತ್ತು, ಹೊಟ್ಟೆ ಸೇರಿ 11 ಕೆಜಿ. ತೀರ್ಥಹಳ್ಳಿ ಕಡೆ ತೋಟದ ಮನೆ ನಮ್ಮದು. ರೋಗ ಗೊತ್ತಾಗುವ ಮೊದಲು ರಾತ್ರಿ ಐದು ಸಲ ಉಚ್ಚೆಗೆ ಎಬ್ಬಿಸುತ್ತಿದ್ದ. ಚಿರತೆ ಓಡಾಡುವ ಜಾಗ, ಒಬ್ಬನನ್ನೇ ಬಿಡುವ ಹಾಗಿಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ಟಾರ್ಚ್ ಹಿಡಿದು ನಿಂತುಕೊಳ್ಳುವುದು ನಾನು. ಕ್ಯಾಪ್ಸೂಲ್ ಶುರುವಾಯಿತು, ದಿನಕ್ಕೊಂದು 30 ಮಿಲಿಗ್ರಾಂ. ಎರಡು ವಾರದಲ್ಲಿ ನೀರು ಕುಡಿಯುವುದು ಅರ್ಧಕ್ಕಿಳಿಯಿತು, ನಾನು ಎಷ್ಟೋ ತಿಂಗಳ ಮೇಲೆ ರಾತ್ರಿಯಿಡೀ ನಿದ್ದೆ ಮಾಡಿದೆ. ಆ ನಿದ್ದೆಯ ಅಮಲಿನಲ್ಲೇ ತಪ್ಪಾಗಿದ್ದು.

ಹದಿನೇಳನೇ ದಿನ ಅನ್ನ ಮುಟ್ಟಲಿಲ್ಲ. ನಾನು ಹಿಗ್ಗಿದೆ. ಹದಿನೆಂಟಕ್ಕೆ ಒಂದು ಸಲ ವಾಂತಿ. ಅಡಿಕೆ ಅಂಗಳದಲ್ಲಿ ಏನೋ ತಿಂದಿದ್ದಾನೆ ಅಂತ ನಾನೇ ತೀರ್ಮಾನ ಮಾಡಿ, ಬೆಣ್ಣೆ ಉಂಡೆಯೊಳಗೆ ಕ್ಯಾಪ್ಸೂಲ್ ಇಟ್ಟು ಗಂಟಲಿಗೆ ತಳ್ಳಿದೆ. ಯಾಕೆ ಅಂದರೆ, ನನ್ನ ಹೆಂಡತಿ ಆಗ ಪ್ರೆಡ್ನಿಸೊಲೋನ್ ತಗೊಳ್ಳುತ್ತಿದ್ದಳು, ಅವಳ ಚೀಟಿಯಲ್ಲಿ 'ಥಟ್ಟನೆ ನಿಲ್ಲಿಸಬಾರದು' ಅಂತ ಬರೆದಿತ್ತು. ಕಾರ್ಟಿಸಾಲ್ ಅಂದರೂ ಸ್ಟೀರಾಯ್ಡ್ ತಾನೇ, ಎಲ್ಲಾ ಒಂದೇ ಜಾತಿ ಅಂದುಕೊಂಡೆ. ಹತ್ತೊಂಬತ್ತನೇ ದಿನ ಬೆಳಗ್ಗೆ ಅವನಿಗೆ ಏಳಲಾಗಲಿಲ್ಲ. ಹಿಂಗಾಲು ನಡುಗುತ್ತಿತ್ತು, ಒಸಡು ಬಿಳಿಚಿತ್ತು, ಕಿವಿ ಮುಟ್ಟಿದರೆ ತಣ್ಣಗೆ. ಶಿವಮೊಗ್ಗಕ್ಕೆ 60 ಕಿಲೋಮೀಟರ್, ಜೋರು ಮಳೆ, ಮಗ ಗಾಡಿ ಓಡಿಸಿದ, ನಾನು ಹಿಂದೆ ಅವನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ರಕ್ತ ನೋಡಿದರೆ ಸೋಡಿಯಂ ಕೆಳಗೆ, ಪೊಟ್ಯಾಸಿಯಂ ಮೇಲೆ. ಎದೆಬಡಿತ ನಿಧಾನ. ಡ್ರಿಪ್ ಹಾಕಿ, ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟರು. ಸಂಜೆ ಹೊತ್ತಿಗೆ ತಲೆ ಎತ್ತಿದ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಊಟ ಬಿಟ್ಟ ಮೇಲೆ ಎಷ್ಟು ಕ್ಯಾಪ್ಸೂಲ್ ಹೋಗಿದೆ? ಎರಡು, ಅಂದೆ. ಮನೆಗೆ ಬಂದು ಮೊದಲು ಕೊಟ್ಟ ಚೀಟಿ ತೆಗೆದು ನೋಡಿದರೆ, ಹಿಂದಿನ ಪುಟದಲ್ಲಿ ಪೆನ್ನಲ್ಲಿ ಬರೆದೇ ಇದ್ದರು: ವಾಂತಿ, ಭೇದಿ, ಊಟ ಬಿಟ್ಟರೆ ಔಷಧಿ ನಿಲ್ಲಿಸಿ ಫೋನ್ ಮಾಡಿ. ನಾನು ಪುಟ ತಿರುಗಿಸಿರಲಿಲ್ಲ.

ಈಗ ಆ 'ಒಮ್ಮೆಲೇ ನಿಲ್ಲಿಸಬಾರದು' ಅಂದವರಿಗೆ. ಪ್ರೆಡ್ನಿಸೊಲೋನ್ ಅಂದರೆ ಹೊರಗಿನಿಂದ ಸ್ಟೀರಾಯ್ಡ್ ಕೊಡುವುದು. ಅದು ಬರುತ್ತಿದ್ದರೆ ಮೈಯೊಳಗಿನ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಕೂತಿರುತ್ತೆ, ಹಠಾತ್ತನೆ ನಿಲ್ಲಿಸಿದರೆ ಕೈಕೊಡುತ್ತೆ. ವೆಟೊರಿಲ್ ಒಳಗಿರುವ ಟ್ರೈಲೋಸ್ಟೇನ್ ಇದಕ್ಕೆ ಪೂರ್ತಿ ಉಲ್ಟಾ. ಅಡ್ರಿನಲ್ ಕಾರ್ಟಿಸಾಲ್ ಮಾಡುವುದನ್ನೇ ಅದು ತಡೆಯುತ್ತೆ. ತಡೆ ಜಾಸ್ತಿಯಾದರೆ ಬದುಕಲು ಬೇಕಾದಷ್ಟೂ ಇರುವುದಿಲ್ಲ, ಕೆಲವು ನಾಯಿಗಳಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟಿರಾನ್ ಕೂಡ ಕುಸಿಯುತ್ತೆ. ಕ್ಯಾಪ್ಸೂಲಿನ ಕೆಲಸ ಹೆಚ್ಚೆಂದರೆ ಒಂದು ದಿನದ್ದು. ಎರಡು ದಿನ ಬಿಟ್ಟರೆ ಆಗುವುದಿಷ್ಟೇ: ನೀರು, ಉಚ್ಚೆ, ಏದುಸಿರು ವಾಪಸ್ ಬರುತ್ತೆ. ಊಟ ಬಿಟ್ಟ ನಾಯಿಗೆ ಕೊಟ್ಟರೆ ಆಗುವುದು ನಾನು ಕಂಡಿದ್ದು. ಒಂದು ಹೊತ್ತು ಮರೆತರೂ ಹಾಗೇ, ಮುಂದಿನ ಸಲ ಎರಡು ಸೇರಿಸಿ ಕೊಡುವ ಕಸರತ್ತು ಬೇಡ.

ಊಟ ಬಿಟ್ಟಿದ್ದೆಲ್ಲಾ ಇದೇ ಅಂತ ನಾನು ಹೇಳುತ್ತಿಲ್ಲ. ಪ್ಯಾಂಕ್ರಿಯಾಸ್ ಊತ ಇರಬಹುದು, ಕಿಡ್ನಿ ಇರಬಹುದು, ನಮ್ಮ ಕಡೆ ಉಣುಗಿನ ಜ್ವರ ಅಂತೂ ಮೊದಲು ನೆನಪಾಗಬೇಕು. ಏನೇ ಇರಲಿ, ಅದು ಗೊತ್ತಾಗುವವರೆಗೆ ಕ್ಯಾಪ್ಸೂಲ್ ಡಬ್ಬಿಯಲ್ಲೇ ಇರಲಿ. ಸೋಡಿಯಂ, ಪೊಟ್ಯಾಸಿಯಂ ಇವತ್ತೇ ಮಾಡಿಸಿ, ಕಾರ್ಟಿಸಾಲ್ ಕೂಡ ಕೇಳಿ. ಮತ್ತೆ ಶುರು ಮಾಡುವುದು ಯಾವಾಗ, ಎಷ್ಟು ಅನ್ನುವುದು ಡಾಕ್ಟರ್ ಬಿಟ್ಟು ಈ ಗುಂಪಿನಲ್ಲಿ ಯಾರೂ ಹೇಳಬಾರದು, ನಾನೂ ಹೇಳಲ್ಲ. ಕರಿಯನಿಗೆ ಹತ್ತು ದಿನ ಬಿಟ್ಟು, ಪರೀಕ್ಷೆ ಮಾಡಿ, 10 ಮಿಲಿಗ್ರಾಂ ದಿನಕ್ಕೆರಡು ಸಲ ಮಾಡಿದರು. ಅದು ಅವನ ಲೆಕ್ಕ. ನಿಮ್ಮ ಪೊಮೇರಿಯನ್‌ಗೆ ಇಲ್ಲಿಂದ ಎತ್ತಿಕೊಳ್ಳಬೇಡಿ. ಹೃದಯಕ್ಕೆ ಅಂತ ಎನಲಾಪ್ರಿಲ್, ಬೆನಜೆಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಏನಾದರೂ ನಡೀತಿದ್ದರೆ ಫೋನಿನಲ್ಲೇ ಹೇಳಿ, ಅವೂ ಪೊಟ್ಯಾಸಿಯಂ ಏರಿಸುತ್ತವೆ.

ಆಮೇಲೆ ನನ್ನ ಇಡ್ಲಿ ಪದ್ಧತಿ. ಟ್ರೈಲೋಸ್ಟೇನ್ ಊಟದ ಜೊತೆ ಹೋದರೇ ಸರಿಯಾಗಿ ಮೈಗೆ ಹಿಡಿಯುವುದು. ಮೊದಲು ಅರ್ಧ ಊಟ ಹಾಕುತ್ತೇನೆ. ಚೊಕ್ಕವಾಗಿ ತಿಂದರೆ ಮಾತ್ರ ಇಡ್ಲಿ ಚೂರಿನಲ್ಲಿ ಕ್ಯಾಪ್ಸೂಲ್ ಇಟ್ಟು ಕೊಡುವುದು, ಆಮೇಲೆ ಉಳಿದರ್ಧ. ಮೊದಲ ಅರ್ಧ ತಿನ್ನಲಿಲ್ಲವಾ, ಅವತ್ತು ಇಡ್ಲಿಯೂ ಇಲ್ಲ, ಕ್ಯಾಪ್ಸೂಲೂ ಇಲ್ಲ. ಯೋಚನೆ ಮಾಡುವ ಕೆಲಸವೇ ಇಲ್ಲ, ತಟ್ಟೆಯೇ ತೀರ್ಮಾನ ಹೇಳುತ್ತೆ. ಮನೆಯಲ್ಲಿ ಯಾರು ಕೊಟ್ಟರೂ ಇದೇ ಕ್ರಮ, ಕ್ಯಾಲೆಂಡರಿನಲ್ಲಿ ಗೀಟು. ನಮ್ಮಲ್ಲಿ ಒಂದು ಸಲ ಅಮ್ಮನೂ ಮಗನೂ ಇಬ್ಬರೂ ಕೊಟ್ಟಿದ್ದರು, ಅವತ್ತಿಂದ ಗೀಟು. ಬೆಣ್ಣೆ, ತುಪ್ಪ, ಪೇಡ ಬೇಡ. ಈ ನಾಯಿಗಳ ರಕ್ತದಲ್ಲಿ ಮೊದಲೇ ಕೊಬ್ಬು ಜಾಸ್ತಿ. ಚಹಾಕ್ಕೆ ಅದ್ದಿದ ಪಾರ್ಲೆ-ಜಿ ಕೂಡ ಸಾಕು ಮಾಡಿ. ಅದನ್ನು ನಾಯಿಗೆ ಕೊಡುವುದು ನಮ್ಮ ಸಂತೋಷಕ್ಕೆ ಅಷ್ಟೇ.

ಕ್ಯಾಪ್ಸೂಲ್ ಬಿಚ್ಚಿ ಪುಡಿ ಪಾಲು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. 60ರದ್ದು ತಂದು ಎರಡು ಮಾಡಿದರೆ ದುಡ್ಡು ಉಳಿಯುತ್ತೆ ಅಂತ ಈ ಗುಂಪಿನಲ್ಲೇ ಹಿಂದೆ ಒಬ್ಬರು ಬರೆದಿದ್ದರು. ವೆಟೊರಿಲ್ 5, 10, 30, 60, 120 ಮಿಲಿಗ್ರಾಂ ಅಂತ ಬೇರೆ ಬೇರೆ ಅಳತೆಯಲ್ಲಿ ಬರುವುದೇ ಬಿಚ್ಚಬಾರದು ಅಂತ. ಆ ಪುಡಿ ಮನುಷ್ಯರ ಹಾರ್ಮೋನನ್ನೂ ಮುಟ್ಟುತ್ತೆ. ಬಸುರಿಯರು ಕ್ಯಾಪ್ಸೂಲ್ ಕೈಯಲ್ಲಿ ಹಿಡಿಯಲೇಬಾರದು. ನಮ್ಮ ಮಗಳು ಹೆರಿಗೆಗೆ ಬಂದಾಗ ಕರಿಯನ ಡಬ್ಬಿಯನ್ನು ದೇವರ ಕೋಣೆಯ ಅಟ್ಟಕ್ಕೆ ಏರಿಸಿದ್ದೆ, ಅವಳಿಗೆ ನಗು. ಮಿಕ್ಕವರೂ ಕೊಟ್ಟ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬ್ರ್ಯಾಂಡ್ ವಿಷಯಕ್ಕೆ ಬಂದರೆ, ದುಬಾರಿಯಾದರೂ ನಾನು ವೆಟೊರಿಲ್ ಪಕ್ಷ. ಕಲಸಿ ತುಂಬಿಸಿಕೊಡುವ ಅಗ್ಗದ ಟ್ರೈಲೋಸ್ಟೇನ್‌ನಲ್ಲಿ ಬರೆದಷ್ಟೇ ಔಷಧಿ ಇರುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಆ ಅಗ್ಗದ್ದೇ ನಿಮಗೆ ಸಿಗುವುದಾದರೆ ತರುವ ಜಾಗ ಬದಲಿಸಬೇಡಿ, ಬದಲಿಸಿದರೆ ಪರೀಕ್ಷೆ ಮತ್ತೆ ಮಾಡಿಸಿ. ಹತ್ತು ದಿನದ ಸ್ಟಾಕ್ ಉಳಿದಿರುವಾಗಲೇ ಆರ್ಡರ್ ಹೇಳಿ, ಪ್ರತಿ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಲಲ್ಲ.

ಪರೀಕ್ಷೆಯ ದಿನದ ತಪ್ಪು ಇನ್ನೊಂದು. ರಕ್ತ ಪರೀಕ್ಷೆ ಅಂದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಕ್ಯಾಪ್ಸೂಲ್ ಕೊಡದೆ ಕರೆದುಕೊಂಡು ಹೋಗುತ್ತೀರಿ. ಎಸಿಟಿಎಚ್ ಪರೀಕ್ಷೆಗೆ, ಅಂದರೆ ಅಡ್ರಿನಲ್ ಗ್ರಂಥಿಯನ್ನು ಕೆಣಕುವ ಇಂಜೆಕ್ಷನ್ ಕೊಟ್ಟು ಕಾರ್ಟಿಸಾಲ್ ನೋಡುವುದಕ್ಕೆ, ಹಾಗೆ ಹೋದರೆ ದುಡ್ಡು ದಂಡ. ನೋಡಬೇಕಾಗಿರುವುದು ಔಷಧಿ ಕೆಲಸ ಮಾಡುವಾಗ ಕಾರ್ಟಿಸಾಲ್ ಎಷ್ಟಿದೆ ಅಂತ. ಬೆಳಗ್ಗೆ ಎಂದಿನಂತೆ ಊಟ, ಕ್ಯಾಪ್ಸೂಲ್, ಅದಾಗಿ 4ರಿಂದ 6 ಗಂಟೆ ಒಳಗೆ ಪರೀಕ್ಷೆ. ಮೊದಲ ರಕ್ತ, ಇಂಜೆಕ್ಷನ್, ಒಂದು ಗಂಟೆ ಬಿಟ್ಟು ಎರಡನೇ ರಕ್ತ. ನಾವು ಏಳಕ್ಕೆ ಕೊಟ್ಟು ಎಂಟೂವರೆಗೆ ಹೊರಟರೆ ಸರಿಹೋಗುತ್ತಿತ್ತು. ಇಂಜೆಕ್ಷನ್ ಸ್ಟಾಕ್ ಇದೆಯಾ ಅಂತ ಹಿಂದಿನ ದಿನವೇ ಕೇಳಿ. ಕ್ಯಾಪ್ಸೂಲ್‌ಗೆ ಮೊದಲೇ ರಕ್ತ ತೆಗೆದು ನೋಡುವ ಕ್ರಮವನ್ನೂ ಕೆಲವು ಡಾಕ್ಟರ್ ಅನುಸರಿಸುತ್ತಾರೆ, ಅವರು ಹೇಳಿದರೆ ಅವರ ಪ್ರಕಾರ. ಶುರು ಮಾಡಿದ 10ರಿಂದ 14 ದಿನಕ್ಕೆ ಒಂದು, ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ಮೂರು ತಿಂಗಳಿಗೊಮ್ಮೆ. ನಾನು ಮೊದಲನೆಯದನ್ನೇ 'ಚೆನ್ನಾಗಿದ್ದಾನಲ್ಲ' ಅಂತ ಮುಂದೂಡಿದ್ದೆ. ನಿಮ್ಮ ಪೋಸ್ಟ್‌ನಲ್ಲೂ ಹದಿನಾಲ್ಕನೇ ದಿನದ ರಿಪೋರ್ಟಿನ ಸುದ್ದಿಯೇ ಇಲ್ಲ!

ರಿಪೋರ್ಟ್ ಹಾಕುವವರು ದಯವಿಟ್ಟು ಯೂನಿಟ್ ಸಮೇತ ಹಾಕಿ. ಇಂಜೆಕ್ಷನ್ ಆದ ಮೇಲೆ ಕಾರ್ಟಿಸಾಲ್ ಇರಬೇಕಾದ ಮಟ್ಟ ಡೆಸಿಲೀಟರಿಗೆ 1.45ರಿಂದ 5.4 ಮೈಕ್ರೋಗ್ರಾಂ ಅಂದರೂ, ಲೀಟರಿಗೆ 40ರಿಂದ 150 ನ್ಯಾನೋಮೋಲ್ ಅಂದರೂ ಒಂದೇ. ಅದರ ಕೆಳಗೆ ಹೋದರೆ ನಿಲ್ಲಿಸಬೇಕು. ಸ್ವಲ್ಪ ಮೇಲಿದ್ದು ನಾಯಿ ಗೆಲುವಾಗಿದ್ದರೆ ಹಾಗೇ ಮುಂದುವರಿಸುವುದೂ ಇದೆ. 'ನಮ್ಮದು 140 ಬಂದಿದೆ, ಸಾಯುತ್ತಾ?' ಅಂತ ಹಿಂದೊಬ್ಬರು ರಾತ್ರಿ ಎರಡಕ್ಕೆ ಕೇಳಿದ್ದರು. ಅದು ಒಳ್ಳೆಯ ನಂಬರ್ರು ಮಾರಾಯರೇ.

ನೀರು ಅಳೆಯಿರಿ, ಕಟ್ಟಬೇಡಿ. ಮನೆಯೊಳಗೆ ಉಚ್ಚೆ ಮಾಡುತ್ತೆ ಅಂತ ರಾತ್ರಿ ಬಟ್ಟಲು ಎತ್ತಿಡುವವರಿದ್ದಾರೆ, ಅದು ಪಾಪದ ಕೆಲಸ. ಕುಡಿದಿದ್ದಕ್ಕೆ ಉಚ್ಚೆಯಲ್ಲ, ಉಚ್ಚೆ ಹೋಗುತ್ತೆ ಅಂತ ಕುಡಿಯುವುದು. ಬೆಳಗ್ಗೆ ಬಾಟಲಿಯಲ್ಲಿ ಅಳೆದು ಹಾಕಿ, ಮರುದಿನ ಉಳಿದಿದ್ದು ಕಳೆಯಿರಿ. ಬಚ್ಚಲಿನ ಬಕೆಟ್ ಮುಚ್ಚಿಡಿ, ಇಲ್ಲದಿದ್ದರೆ ಲೆಕ್ಕ ಸುಳ್ಳು. ಕೆಜಿಗೆ 50–60 ಮಿಲಿ ಒಳಗಿದ್ದರೆ ಸರಿ, 100 ದಾಟಿದರೆ ಜಾಸ್ತಿ. 11 ಕೆಜಿಯ ಕರಿಯ ಒಂದೂವರೆ ಲೀಟರ್ ಕುಡಿಯುತ್ತಿದ್ದ, ಔಷಧಿ ಸರಿಹೋದ ಮೇಲೆ ಅರ್ಧ ಲೀಟರ್ ಚಿಲ್ಲರೆ. ಇಳಿದ ನೀರು ಮತ್ತೆ ಏರಿದರೆ ಡೋಸ್ ಸಾಲದು ಅಂತಲೇ ಅಲ್ಲ, ಉಚ್ಚೆಯ ಸೋಂಕು ಇರಬಹುದು, ಸಕ್ಕರೆ ಕಾಯಿಲೆ ಸೇರಿಕೊಂಡಿರಬಹುದು. ಈ ನಾಯಿಗಳು ಸೋಂಕಿದ್ದರೂ ನೋವು ತೋರಿಸುವುದಿಲ್ಲ, ಉಚ್ಚೆ ಕಲ್ಚರ್ ಕೇಳಿ ಮಾಡಿಸಿ. ಬಿಪಿ ಕೂಡ ನೋಡಲು ಹೇಳಿ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾರ್ಟಿಸಾಲ್ ಇಳಿದ ಮೇಲೆ ಹಳೆಯ ಸಂದುನೋವು, ತುರಿಕೆ ಎದ್ದು ಬರುತ್ತವೆ. ಇಷ್ಟು ದಿನ ಮೈಯೊಳಗಿನ ಸ್ಟೀರಾಯ್ಡೇ ಅವನ್ನು ಮುಚ್ಚಿಟ್ಟಿತ್ತು. ಕರಿಯ ಕುಂಟತೊಡಗಿದ. ಔಷಧಿಯಿಂದ ಹೀಗಾಯ್ತು ಅಂತ ಬೈದುಕೊಂಡೆ, ನೋಡಿದರೆ ಮೊಣಕಾಲು ಸವೆದು ಎಷ್ಟೋ ಕಾಲ ಆಗಿತ್ತು. ಹಾಗಂತ ಮನೆಯಲ್ಲಿರುವ ಬ್ರೂಫೆನ್, ಡೈಕ್ಲೋಫೆನಾಕ್ ಕೊಡಲೇಬೇಡಿ, ನಾಯಿಗೆ ಅವು ವಿಷ. ತುರಿಕೆಗೆ ಬೆಟ್ನೋವೇಟ್ ಹಚ್ಚುವುದೂ ಬೇಡ, ಅದು ಸ್ಟೀರಾಯ್ಡೇ, ನೆಕ್ಕಿದರೆ ಹೊಟ್ಟೆಗೇ ಹೋಯಿತು. ಕಿವಿಯ ಡ್ರಾಪ್ಸಿನಲ್ಲೂ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ, ಲೇಬಲ್ ಓದಿ. ವರ್ಷಗಟ್ಟಲೆ ಇಂಥದ್ದು ಹಾಕಿಯೇ ಕುಶಿಂಗ್ಸ್ ಬರಿಸಿದವರೂ ಇದ್ದಾರೆ. ಅಂಥ ನಾಯಿಗೆ ಟ್ರೈಲೋಸ್ಟೇನ್ ಮದ್ದೇ ಅಲ್ಲ, ಅಲ್ಲಿ ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸಬೇಕು. 'ಒಮ್ಮೆಲೇ ನಿಲ್ಲಿಸಬಾರದು' ಅನ್ನುವ ಮಾತು ಸಲ್ಲುವುದು ಅಲ್ಲಿ.

ಕೂದಲಿಗೆ ಅವಸರ ಬೇಡ. ನೀರು, ಹಸಿವು ವಾರಗಳಲ್ಲಿ ಇಳಿದರೂ ಕೂದಲು ಬರಲು ಮೂರರಿಂದ ಆರು ತಿಂಗಳು, ಮಧ್ಯೆ ಇನ್ನಷ್ಟು ಉದುರಿದರೂ ಗಾಬರಿಯಾಗಬೇಡಿ. ಚರ್ಮ ಕಾಗದದ ಹಾಗೆ ತೆಳ್ಳಗಿರುತ್ತೆ, ತಂತಿ ಬಾಚಣಿಗೆ ಒಳಗಿಡಿ. ಟೈಲ್ಸ್ ಮೇಲೆ ಹಳೆಯ ಯೋಗ ಮ್ಯಾಟ್ ಹಾಸಿ, ನಮ್ಮಲ್ಲಿ ಗೋಣಿಚೀಲ ಹೊಲಿದು ಹಾಸಿದ್ದೆವು, ಕಾಲು ಜಾರುವುದು ನಿಂತಿತು. ಹಬ್ಬದ ಪಟಾಕಿ, ಆಪರೇಷನ್, ದೂರದ ಪ್ರಯಾಣ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ನಮ್ಮ ಡಾಕ್ಟರ್, ಕಾರ್ಟಿಸಾಲ್ ತೀರಾ ಕುಸಿದರೆ ತುರ್ತಿಗೆ ಅಂತ ಎರಡು ಪ್ರೆಡ್ನಿಸೊಲೋನ್ ಬರೆದುಕೊಟ್ಟು, ಫೋನ್ ಮಾಡದೆ ಮುಟ್ಟಬಾರದು ಅಂದಿದ್ದರು. ಅದು ಮೂರು ವರ್ಷ ಫ್ರಿಡ್ಜ್ ಮೇಲೆ ಹಾಗೇ ಇತ್ತು. ಕರಿಯ ಹೋಗಿದ್ದು ಹದಿನಾಲ್ಕು ದಾಟಿದ ಮೇಲೆ, ಬೇರೆ ಕಾರಣಕ್ಕೆ.

ಈಗ ಫೋನ್ ಮಾಡಿ ಅಕ್ಕಾ. ನಿಂತಲ್ಲಿ ನಡುಗುತ್ತಿದ್ದರೆ, ವಾಂತಿ ಶುರುವಾಗಿದ್ದರೆ ಫೋನೂ ಬೇಡ, ನೇರ ಗಾಡಿ ಹತ್ತಿಸಿ. ಕ್ಯಾಪ್ಸೂಲ್ ಡಬ್ಬಿ ಜೊತೆಗಿರಲಿ, ಕೊನೆಯದು ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಅಲ್ಲಿ ಮೊದಲು ಕೇಳುತ್ತಾರೆ.