‘ಶೋ ಮುಗಿದ ಮೇಲೆ’ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ‘ಶೋ ಮುಗಿದ ಮೇಲೆ’ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟವಾದ ಮೇಲೆ ಸುಮ್ನೆ ಓದಿದೆ, ಎರಡನೇ ಸಲ ಪೆನ್ನು ಹಿಡಿದು. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂಬತ್ತನೇ ಪುಟ ಓದಿದ ಮೇಲೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಕಥೆಯಲ್ಲಿ ಮೂವರು ಕಾಮಿಡಿಯನ್‌ಗಳಿದ್ದಾರೆ. ಐಟಿ ಕೆಲಸ ಬಿಟ್ಟು ಬಂದವನು, ಗಿಟಾರ್ ಹಿಡಿದು ಹಾಡಿಕೊಂಡೇ ತಮಾಷೆ ಮಾಡುವವನು, ದಾವಣಗೆರೆಯಿಂದ ಬಂದು ಪಿಜಿಯಲ್ಲಿರುವ ಹುಡುಗಿ. ಇಂದಿರಾನಗರದ ಕೆಫೆಯೊಂದರ ಮಹಡಿಯಲ್ಲಿ ಶೋ ಮುಗಿಸಿ ರಾತ್ರಿಯೆಲ್ಲ ಮಾತಾಡುತ್ತಾರೆ. ಹಾಡುಗಳ ಬಗ್ಗೆ, ಶೋಗೆ ಬಂದು ಹೋದ ಸಿನಿಮಾ ಸ್ಟಾರ್ ಬಗ್ಗೆ, ಈ ಕೆಲಸ ನಂಬಿ ಬದುಕಬಹುದಾ ಅನ್ನುವುದರ ಬಗ್ಗೆ. ಹದಿನಾಲ್ಕು ಪುಟ, ಹೆಚ್ಚುಕಮ್ಮಿ ಪೂರ್ತಿ ಮಾತುಕತೆ. ವಿಷಯ ನನಗೆ ತುಂಬಾ ಇಷ್ಟ. ಲೋಲ್‌ಬಾಗ್ ತಂಡದವರ ಹಾಗೆ ಕನ್ನಡದಲ್ಲೇ ಸ್ಟ್ಯಾಂಡಪ್ (ಒಬ್ಬರೇ ಮೈಕ್ ಮುಂದೆ ನಿಂತು ನಗಿಸುವುದು) ಮಾಡುವವರು ಬಂದು ಇಷ್ಟು ವರ್ಷವಾದರೂ, ನನ್ನ ಮೇಜಿಗೆ ಬರುವ ಕಥೆಗಳಲ್ಲಿ ಇಂಥವರ ಬದುಕು ಇರುವುದೇ ಇಲ್ಲ.

ಮೊದಲ ತಕರಾರು ನಗುವಿನ ಬಗ್ಗೆ. ‘ಎಲ್ಲರೂ ಬಿದ್ದು ಬಿದ್ದು ನಕ್ಕರು’, ‘ನಗು ತಡೆಯಲಾಗಲಿಲ್ಲ’, ‘ಹೊಟ್ಟೆ ಹಿಡಿದುಕೊಂಡು ನಕ್ಕ’. ಇಂಥವು ಹದಿನೇಳು ಕಡೆ ಇವೆ, ಎಣಿಸಿದೆ. ಪಾತ್ರಗಳೇ ಅಷ್ಟು ನಕ್ಕುಬಿಟ್ಟರೆ ಓದುವವನಿಗೆ ಉಳಿಯುವುದು ಏನು? ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಇದು ನಿಜವೂ ಅಲ್ಲ. ದಿನಾ ಜೋಕ್ ಬರೆಯುವವರು ಇನ್ನೊಬ್ಬರ ಜೋಕಿಗೆ ಹಾಗೆ ನಗುವುದು ಅಪರೂಪ. ಅಡುಗೆ ಭಟ್ಟರು ಬೇರೆಯವರ ಮದುವೆ ಊಟಕ್ಕೆ ಕೂತಾಗ ಹೇಗೆ ಸಾರು ಬಾಯಿಗಿಟ್ಟು ಒಂದು ಕ್ಷಣ ಸುಮ್ಮನಾಗುತ್ತಾರೋ ಹಾಗೆ ಇವರೂ ಸುಮ್ಮನಾಗಿ ಕೇಳಿ, ಮುಖದಲ್ಲಿ ಏನೂ ತೋರಿಸದೆ, ‘ಚೆನ್ನಾಗಿದೆ, ಕೊನೇ ಪದ ತೆಗಿ’ ಅನ್ನುತ್ತಾರೆ. ಅವರ ನಡುವೆ ಅದೇ ದೊಡ್ಡ ಹೊಗಳಿಕೆ. ಇಂಥವರು ಹರಟೆ ಹೊಡೆಯುವಾಗ ಅರ್ಧ ಮಾತು ಬದುಕಿನದು, ಇನ್ನರ್ಧ ನಾಳೆಯ ಸೆಟ್‌ಗೆ, ಅಂದರೆ ವೇದಿಕೆಯಲ್ಲಿ ಹೇಳುವ ಜೋಕುಗಳ ಕಂತೆಗೆ, ಈಗಲೇ ನಡೆಸುವ ಪರೀಕ್ಷೆ. ಗೆಳೆಯ ತನ್ನಪ್ಪನ ಕಾಯಿಲೆ ಬಗ್ಗೆ ಹೇಳುತ್ತಿದ್ದಾನೋ, ಅದರಿಂದ ಐದು ನಿಮಿಷದ ಸೆಟ್ ಹೊರಡುತ್ತಾ ಅಂತ ನೋಡುತ್ತಿದ್ದಾನೋ, ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಕೆಲವು ಸಲ ಅವನಿಗೂ ಗೊತ್ತಿರುವುದಿಲ್ಲ. ನಿಮ್ಮ ಕಥೆ ಇರುವುದು ಅಲ್ಲಿ. ನೀವು ಅದರ ಪಕ್ಕದಲ್ಲೇ ನಡೆದು ಹೋಗಿದ್ದೀರಿ, ಒಳಗೆ ಹೋಗಿಲ್ಲ.

ಇನ್ನು ಐಟಿ ಹುಡುಗ. ‘ಇಂಗ್ಲಿಷ್‌ನಲ್ಲಿ ಎದ್ದ ಜೋಕ್ ಕನ್ನಡದಲ್ಲಿ ಏಳಲ್ಲ, ಕನ್ನಡ ಆಡಿಯನ್ಸ್ ಕಷ್ಟ’ ಅಂತ ನಾಲ್ಕು ಸಲ ಗೊಣಗುತ್ತಾನೆ. ಉಳಿದಿಬ್ಬರೂ ಹೌದು ಹೌದು ಅಂದು ಬಿಡುತ್ತಾರೆ. ಯಾಕೆ ಬಿಡಬೇಕು? ಇಲ್ಲಿ ಜಗಳ ಆಗಬೇಕು! ತಪ್ಪು ಆಡಿಯನ್ಸ್‌ದಲ್ಲ, ಅವನ ವಾಕ್ಯದ್ದು. ಅವನ ಜೋಕನ್ನೇ ತೆಗೆದುಕೊಳ್ಳಿ: ‘ನಮ್ಮಪ್ಪ ನನ್ನ ಮದುವೆಗೆ ಹೆಲ್ಮೆಟ್ ಹಾಕಿಕೊಂಡು ಬಂದಿದ್ದರು.’ ನಗು ಇರುವುದು ಹೆಲ್ಮೆಟ್ ಅನ್ನುವ ಪದದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಹಾಗಾಗಿ ಹೆಲ್ಮೆಟ್ ನಡುವೆ ಸಿಕ್ಕಿಹಾಕಿಕೊಂಡಿತು. ಜನ ನಗಲು ಬಾಯಿ ತೆರೆಯುವಾಗ ಅವನು ಇನ್ನೂ ‘ಹಾಕಿಕೊಂಡು ಬಂದಿದ್ದರು’ ಅಂತ ಹೇಳುತ್ತಲೇ ಇದ್ದಾನೆ, ತನ್ನ ನಗುವಿನ ಮೇಲೆ ತಾನೇ ಮಾತಾಡುತ್ತಿದ್ದಾನೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮೊದಲೇ ಮುಗಿದಿರುತ್ತದೆ, ಹೆಲ್ಮೆಟ್ಟನ್ನು ಕೊನೆಗಿಡುವುದು ಸುಲಭ. ಕನ್ನಡದಲ್ಲಿ ಅದಕ್ಕೆ ವಾಕ್ಯವನ್ನು ತಿರುಗಿಸಬೇಕು: ‘ಎಲ್ಲರೂ ಪೇಟ ಕಟ್ಟಿಕೊಂಡು ಬಂದಿದ್ದರು. ನಮ್ಮಪ್ಪ ಹಾಕ್ಕೊಂಡು ಬಂದಿದ್ದು ಹೆಲ್ಮೆಟ್ಟು.’ ನೋಡಿ, ಈಗ ಮಾತು ಮುಗಿಯುವುದೂ ನಗು ಶುರುವಾಗುವುದೂ ಒಂದೇ ಕಡೆ. ಇದನ್ನು ನಮ್ಮ ಹಳ್ಳಿಕಟ್ಟೆಯಲ್ಲಿ ಕಥೆ ಹೇಳುವವರೆಲ್ಲ ಯಾರೂ ಕಲಿಸದೆ ಮಾಡುತ್ತಾರೆ. ಆ ದಾವಣಗೆರೆ ಹುಡುಗಿಗೆ ಇದು ಗೊತ್ತಿರುತ್ತದೆ. ಅವಳು ಹೇಳಲಿ, ಅವನಿಗೆ ಅವಮಾನ ಆಗಲಿ, ಆ ಅವಮಾನ ಮುಂದಿನ ಎರಡು ಪುಟ ಕಾಡಲಿ.

ಇದೇ ದಾರಿಯಲ್ಲಿ ಸಂಗೀತವೂ ಬರುತ್ತದೆ. ನಿಮ್ಮ ಸಂಗೀತದ ಮಾತು ಬರೀ ಪಟ್ಟಿ. ಯಾರಿಗೆ ಯಾವ ಹಾಡು ಇಷ್ಟ, ಈಗಿನ ಹಾಡು ಸರಿಯಿಲ್ಲ, ಹಳೇದೇ ಚೆನ್ನ. ಇದನ್ನು ಯಾರು ಬೇಕಾದರೂ ಆಡಬಹುದು, ಕಾಮಿಡಿಯನ್‌ಗಳೇ ಬೇಕಿಲ್ಲ. ಆದರೆ ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮರೆತಿದ್ದೀರಿ: ಹುಡುಗಿ ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದಳು. ತಾಳ ಮೊದಲು ಬಿದ್ದು, ಸ್ವಲ್ಪ ಜಾಗ ಬಿಟ್ಟು ಹಾಡು ಏಳುವುದಕ್ಕೆ ಅನಾಗತ ಎಡುಪು ಅನ್ನುತ್ತಾರಲ್ವಾ. ಆ ಸಣ್ಣ ಖಾಲಿ ಜಾಗವನ್ನು ಕೈಯಲ್ಲಿ ತಾಳ ಹಾಕಿ ಹಾಕಿ ಕಲಿತವಳು ಅವಳು. ಪಂಚ್‌ಗೆ, ಅಂದರೆ ನಗು ತರಿಸುವ ಕೊನೇ ಮಾತಿಗೆ, ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಅವಳ ಮೈಯಲ್ಲೇ ಇದೆ. ಸಂಗೀತ ಬಿಟ್ಟೆ ಅಂತ ಅವಳಮ್ಮ ಇನ್ನೂ ಕೊರಗುತ್ತಾರೆ, ಅವಳು ಬಿಟ್ಟೇ ಇಲ್ಲ. ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ, ನಿಮ್ಮ ಪುಟದಲ್ಲೇ ಬಿದ್ದಿದೆ.

ಗಿಟಾರ್ ಹುಡುಗನಿಗೂ ನಿಜವಾದ ಕಷ್ಟ ಒಂದಿದೆ. ಅವನು ಸಿನಿಮಾ ಹಾಡಿನ ಧಾಟಿಗೆ ತನ್ನ ಪದ ಹಾಕಿ ಹಾಡುತ್ತಾನೆ. ರೂಮಿನಲ್ಲಿ ಜನ ಕುಣಿಯುತ್ತಾರೆ. ಅದೇ ವಿಡಿಯೋ ಯೂಟ್ಯೂಬ್‌ಗೆ ಹಾಕಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ. ದುಡ್ಡು ಹಾಡಿನ ಹಕ್ಕಿದ್ದವರಿಗೆ ಹೋಗಬಹುದು, ಇಲ್ಲವೇ ವಿಡಿಯೋನೇ ನಿಲ್ಲಬಹುದು. ಅಂದರೆ ಅವನ ಅತ್ಯಂತ ಒಳ್ಳೆಯ ಹತ್ತು ನಿಮಿಷ ಆ ರೂಮಿನಾಚೆ ಯಾರಿಗೂ ಸಿಗುವುದಿಲ್ಲ. ಹಿಂದೆ ಟಿ.ಪಿ. ಕೈಲಾಸಂ ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡದ ತಮಾಷೆ ಪದ ಕಟ್ಟಿದರು, ಅದು ಊರೂರಲ್ಲಿ ಬಾಯಿಂದ ಬಾಯಿಗೆ ಹೋಯಿತು. ಇವನದು ಹೋಗಲ್ಲ. ಅವನ ಕೋಪ, ಹೊಟ್ಟೆಕಿಚ್ಚು, ‘ನಾನೇ ಯಾಕೆ ಟ್ಯೂನ್ ಹಾಕಬಾರದು’ ಅನ್ನುವ ಹೆದರಿಕೆ ಬರೆಯಿರಿ.

ಕೈಲಾಸಂ ಹೆಸರು ಬಂತು, ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಸಂಭಾಷಣೆಯಲ್ಲಿ ಇಂಗ್ಲಿಷ್ ಜಾಸ್ತಿ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಬೆಂಗಳೂರಿನ ಹುಡುಗರು ಹಾಗೇ ಮಾತಾಡುತ್ತಾರೆ. ತಕರಾರು ಏನೆಂದರೆ ಮೂವರೂ ಒಂದೇ ಅಳತೆಯಲ್ಲಿ ಬೆರೆಸುತ್ತಾರೆ. ಕೈಲಾಸಂ ನಾಟಕಗಳಲ್ಲಿ ಯಾರ ಬಾಯಲ್ಲಿ ಎಷ್ಟು ಇಂಗ್ಲಿಷ್ ಅನ್ನುವುದರಲ್ಲೇ ಆ ಮನುಷ್ಯನ ಓದು, ಜಂಬ, ಭಯ ಎಲ್ಲ ಗೊತ್ತಾಗುತ್ತದೆ. ನಿಮ್ಮ ಪಾತ್ರಗಳ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿದೆ. ಯಾರು ಯಾರೆಂದು ಗೊತ್ತಾಗಲಿಲ್ಲ. ದಾವಣಗೆರೆ ಕಡೆಯ ಮಾತು ಒಂದೇ ಒಂದು ಕಡೆಯೂ ಇಲ್ಲ!

ಹತ್ತನೇ ಪುಟದಲ್ಲಿ ಮೂವರೂ ಸೇರಿ ಹಾಸ್ಯೋತ್ಸವದ ಭಾಷಣಕಾರರನ್ನು ‘ಅಂಕಲ್ ಜೋಕು’ ಅಂತ ತಳ್ಳಿಹಾಕುತ್ತಾರೆ. ಆ ವಯಸ್ಸಿನವರು ಹಾಗೆ ಅನ್ನುತ್ತಾರೆ, ಸರಿ. ಆದರೆ ಕಥೆಯೂ ಅವರ ಜೊತೆ ಸೇರಿಕೊಂಡಿದೆ, ಅದು ನನಗೆ ನೋವಾಯಿತು. ಊರಿನ ಹೈಸ್ಕೂಲ್ ಮೈದಾನದಲ್ಲಿ ಚಾಪೆ ಹಾಸಿಕೊಂಡು ಕೂತ ಅಜ್ಜಿ, ಮೊಮ್ಮಗು, ಮೇಷ್ಟ್ರು, ಎಲ್ಲರನ್ನೂ ಒಂದೇ ಮೈಕಿನಿಂದ ಹಿಡಿದಿಡುವುದನ್ನು ನಾನು ನೋಡಿದ್ದೇನೆ. ಗಂಗಾವತಿ ಪ್ರಾಣೇಶ್ ಆಗಲಿ, ಪ್ರೊಫೆಸರ್ ಕೃಷ್ಣೇಗೌಡರಾಗಲಿ, ಮಾಡುವುದು ಅದನ್ನೇ. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ನಡುವೆ ಆವತ್ತಿನ ರಾಜಕೀಯವನ್ನು ಎಳೆದು ತಂದು ಅಲ್ಲೇ ಮಾತು ಕಟ್ಟುತ್ತಿದ್ದರು. ಪ್ರೇಕ್ಷಕರ ಜೊತೆ ಅಲ್ಲೇ ಮಾತು ಕಟ್ಟಿ ನಿಮ್ಮ ಹುಡುಗರು ಕ್ರೌಡ್ ವರ್ಕ್ ಅಂತ ಹೆಮ್ಮೆಪಡುವುದಕ್ಕೆ ಇದು ದೂರದ ನೆಂಟಸ್ತಿಕೆಯಲ್ಲ. ಮೂವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ, ಗೊತ್ತಿದ್ದೂ ಆ ಕ್ಷಣ ಹೇಳಲು ನಾಚಲಿ.

ಸ್ಟಾರ್ ಬಂದ ಪ್ರಸಂಗ ಪೂರ್ತಿ ತೆಗೆದುಬಿಡಿ. ಮೂರು ಪುಟ ತಿಂದಿದೆ, ಯಾರ ಬದುಕೂ ಅದರಿಂದ ಬದಲಾಗಿಲ್ಲ. ಖ್ಯಾತಿ ಬಗ್ಗೆ ಬರೆಯಲೇಬೇಕಿದ್ದರೆ ಇವರಿಗೆ ಸಿಗುವ ಅಳತೆಯ ಖ್ಯಾತಿ ಬರೆಯಿರಿ. ಜೋಕ್ ಒಂದು ಸಲ ನೆಟ್ಟಿಗೆ ಬಿದ್ದರೆ ಮತ್ತೆ ವೇದಿಕೆಯಲ್ಲಿ ಅದು ಮೊದಲಿನ ಹಾಗೆ ಏಳುವುದಿಲ್ಲ. ಅದಕ್ಕೇ ಎಷ್ಟೋ ಜನ ಬರೆದ ಸೆಟ್ ಬಚ್ಚಿಟ್ಟು, ಪ್ರೇಕ್ಷಕರ ಜೊತೆ ಅಲ್ಲೇ ಆಡಿದ ಮಾತನ್ನು ರೀಲ್ ಮಾಡಿ ಹಾಕುತ್ತಾರೆ. ಆಮೇಲೆ ಟಿಕೆಟ್ ಕೊಂಡು ಬಂದವರು ಅದನ್ನೇ ಕೇಳುತ್ತಾರೆ, ತಿಂಗಳುಗಟ್ಟಲೆ ಓಪನ್ ಮೈಕ್‌ನಲ್ಲಿ (ಯಾರು ಬೇಕಾದರೂ ಹತ್ತಬಹುದಾದ ವೇದಿಕೆ) ಐದೈದು ನಿಮಿಷ ತಿದ್ದಿ ಕಟ್ಟಿದ ಒಂದು ಗಂಟೆ ಯಾರಿಗೂ ಬೇಕಾಗುವುದಿಲ್ಲ. ಜನ ಗುರುತು ಹಿಡಿದು ಸೆಲ್ಫಿ ಕೇಳುವುದು ಆ ಕಾಮಿಡಿಯನ್‌ಗೇ ಇಷ್ಟವಿಲ್ಲದ ಕೆಲಸಕ್ಕೆ. ಇದರಲ್ಲಿ ಇಡೀ ಕಥೆ ಇದೆ.

ಒಂದು ಸಣ್ಣ ತಿದ್ದುಪಡಿ. ರಾತ್ರಿ ಒಂದೂವರೆಗೆ ದರ್ಶಿನಿಯಲ್ಲಿ ಖಾಲಿ ದೋಸೆ ತಿನ್ನಿಸಿದ್ದೀರಿ. ಅಷ್ಟು ಹೊತ್ತಿಗೆ ದರ್ಶಿನಿಯ ಶಟರ್ ಎಳೆದು ಬಹಳ ಹೊತ್ತಾಗಿರುತ್ತದೆ. ಸೈಕಲ್ಲಿನ ಹಿಂದೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು ಬರುತ್ತಾರಲ್ಲ, ಅಲ್ಲಿ ನಿಲ್ಲಿಸಿ ಮೂವರನ್ನೂ. ನಿಂತುಕೊಂಡು ಆಡುವ ಮಾತಿನ ರೀತಿಯೇ ಬೇರೆ, ಯಾರು ಬೇಕಾದರೂ ಯಾವ ಕ್ಷಣದಲ್ಲಾದರೂ ಹೊರಟುಬಿಡಬಹುದು.

ಈಗ ಒಂಬತ್ತನೇ ಪುಟ. ಹುಡುಗಿ ತನ್ನ ಸರದಿಗೆ ಮುಂಚೆ ಪರದೆ ಸಂದಿಯಿಂದ ಪ್ರೇಕ್ಷಕರನ್ನು ಎಣಿಸುತ್ತಾಳೆ. ಹನ್ನೊಂದು ಜನ. ಅದರಲ್ಲಿ ನಾಲ್ವರು ತಮ್ಮ ಸ್ಪಾಟ್‌ಗೆ ಕಾಯುತ್ತಿರುವ ಕಾಮಿಡಿಯನ್‌ಗಳು, ಒಬ್ಬ ಬಿಲ್ ಕೊಡಲು ಬಂದ ವೇಟರ್. ಆರು ಅಂತ ಬಾಯಲ್ಲೇ ಹೇಳಿಕೊಂಡು, ಕುರ್ತಾ ಸರಿಮಾಡಿಕೊಂಡು, ಹೋಗುತ್ತಾಳೆ. ಅಷ್ಟೇ. ಅಲ್ಲಿ ನೀವು ಏನನ್ನೂ ವಿವರಿಸಿಲ್ಲ, ಯಾರೂ ನಕ್ಕಿಲ್ಲ, ನನಗೆ ಗಂಟಲು ಕಟ್ಟಿತು. ಇದನ್ನು ಬರೆದ ಕೈ ಉಳಿದದ್ದನ್ನೂ ಬರೆಯಬಲ್ಲದು ಅಂತ ನಾನು ನಂಬುತ್ತೇನೆ.

ಕಥೆ ಈ ಪುಟದಿಂದ ಶುರುವಾಗಲಿ. ಏಳೆಂಟು ಪುಟಕ್ಕೆ ಇಳಿಸಿ. ಅದಕ್ಕೂ ಮುಂಚೆ ಎರಡು ಮೂರು ಕನ್ನಡ ಓಪನ್ ಮೈಕ್‌ಗೆ ಹೋಗಿ, ವೇದಿಕೆ ನೋಡಬೇಡಿ, ಗೋಡೆಗೊರಗಿ ನಿಂತು ತಮ್ಮ ಸರದಿಗೆ ಕಾಯುವವರನ್ನು ನೋಡಿ. ತಿದ್ದಿ ಕಳಿಸಿದರೆ ಮೊದಲು ನಾನೇ ಓದುತ್ತೇನೆ. ಈ ಸಲ ಯೂನಿಕೋಡ್‌ನಲ್ಲಿ ಕಳಿಸಿ, ನುಡಿ ಫಾಂಟಿನ ಫೈಲ್ ತೆರೆದಾಗ ನಮ್ಮಲ್ಲಿ ಅರ್ಧ ಒತ್ತಕ್ಷರ ಹಾರಿಹೋಗಿದ್ದವು.