ಬ್ರೆಕ್ಸಿಟ್ ಒಪ್ಪಂದ, ಅಂದರೆ ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ ಒಪ್ಪಂದ, ಬ್ರಿಟನ್ ಸಂಸತ್ತಿನಲ್ಲಿ ಮೂರು ಸಲ ಬಿದ್ದುಹೋಗಿದ್ದು ಯಾಕೆ?

ಮುಖ್ಯ ಕಾರಣ ಐರ್ಲೆಂಡ್ ಗಡಿ. 2016ರ ಜನಮತ ಸಂಗ್ರಹದಲ್ಲಿ ಒಕ್ಕೂಟ ಬಿಡೋಣ ಅಂದವರು ಶೇ 51.9. ಆದರೆ ಹೇಗೆ ಬಿಡಬೇಕು ಅಂತ ಜನರನ್ನು ಕೇಳಿರಲೇ ಇಲ್ಲ. ನನ್ನ ಪ್ರಕಾರ ಎಡವಿದ್ದು ಅಲ್ಲೇ.

ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಪಕ್ಕದ ಐರ್ಲೆಂಡ್ ಒಕ್ಕೂಟದ ಸದಸ್ಯ ದೇಶ. ನಡುವಿನ ಗಡಿಯಲ್ಲಿ ಗೇಟಿಲ್ಲ, ತಪಾಸಣೆಯಿಲ್ಲ. ಹಾಲಿನ ಟ್ಯಾಂಕರ್‌ಗಳು ಸಲೀಸಾಗಿ ದಾಟುತ್ತವೆ. ದಶಕಗಳ ರಕ್ತಪಾತದ ನಂತರ, 1998ರ ಶಾಂತಿ ಒಪ್ಪಂದದಿಂದ ಬಂದ ನೆಮ್ಮದಿ ಅದು. ಅಲ್ಲಿ ಮತ್ತೆ ಚೆಕ್‌ಪೋಸ್ಟ್ ಬರಬಾರದು ಅಲ್ವಾ? ಅದಕ್ಕೇ ಆಗಿನ ಪ್ರಧಾನಿ ತೆರೇಸಾ ಮೇ, ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಜೊತೆ ಒಂದೇ ಸುಂಕ ವ್ಯವಸ್ಥೆಯಲ್ಲಿರಲು ಒಪ್ಪಿದರು. ಇದು ಬಿಟ್ಟಂತೆಯೇ ಅಲ್ಲ ಅಂತ ಅವರ ಪಕ್ಷದವರೇ ಸಿಡಿದೆದ್ದರು. ಬಿಡುವುದೇ ಬೇಡ ಅಂದವರೂ ವಿರುದ್ಧ ಮತ ಹಾಕಿದರು. 2019ರ ಜನವರಿಯ ಮೊದಲ ಮತದಾನದಲ್ಲಿ ಪರವಾಗಿ ಬಿದ್ದದ್ದು 202, ವಿರುದ್ಧ 432.